ಮೀಡಿಯಣ್ಣ ಅಂಗಿ ಕೊಂಡದ್ದು

ಅಂಗಿ ಬಿಗಿಯಾಯಿತು ಅನ್ನುವುದು ಯಾರ ಮನೆಯಲ್ಲೂ ದೊಡ್ಡ ಸುದ್ದಿಯಲ್ಲ. ಕೆಲವರು ಉಸಿರು ಬಿಗಿಹಿಡಿದು ಗುಂಡಿ ಹಾಕಿಕೊಳ್ಳುತ್ತಾರೆ, ಕೆಲವರು ಗುಂಡಿ ಬಿಚ್ಚಿಕೊಂಡೇ ತಿರುಗುತ್ತಾರೆ, ಇನ್ನು ಕೆಲವರು ಒಗೆದವರನ್ನು ಬೈಯುತ್ತಾರೆ. ಆದರೆ ಮೀಡಿಯಣ್ಣನ ಹೊಟ್ಟೆಯ ಮೇಲೆ ಗುಂಡಿ ಕಾಜಾಕ್ಕೆ ಸಿಗದೆ ಹೋದ ದಿನ ಅಂಗಿ ಫ್ಯಾಕ್ಟರಿಯ ಸ್ಯಾಂಪಲ್ ರೂಮಿನಲ್ಲಿ ಹೊಲಿಯುವವರ ಕೈಗಳು ಇದ್ದಲ್ಲೇ ನಿಂತುಬಿಟ್ಟವು. ಯಾಕೆಂದರೆ ಆ ಫ್ಯಾಕ್ಟರಿಯಲ್ಲಿ ಮೀಡಿಯಂ ಸೈಜು ಅಂದರೆ ಬೇರೇನೂ ಅಲ್ಲ, ಈ ಮನುಷ್ಯನ ಮೈ.

ಹೆತ್ತವರು ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಗೇಟಿನ ವಾಚ್‌ಮನ್‌ನಿಂದ ಹಿಡಿದು ಮಾಲೀಕರವರೆಗೆ ಎಲ್ಲರಿಗೂ ಅವನು ಮೀಡಿಯಣ್ಣ. ಮೀಸೆ ಇನ್ನೂ ಸರಿಯಾಗಿ ಮೂಡದ ವಯಸ್ಸಿನಲ್ಲಿ ದಾರದ ತುದಿ ಕತ್ತರಿಸುವ ಕೆಲಸಕ್ಕೆ ಸೇರಿದವನು. ಒಂದು ದಿನ ಕಟಿಂಗ್ ಮಾಸ್ತರು ಕೊರಳಿಗೆ ಟೇಪು ಹಾಕಿಕೊಂಡು ಬಂದು, ಸಾಲಿನಲ್ಲಿ ಕೂತವರನ್ನೆಲ್ಲ ಎಬ್ಬಿಸಿ ಎದೆ, ಸೊಂಟ, ತೋಳು ಅಳೆಯುತ್ತಾ ಹೋದರು. ಇವನ ಸರದಿ ಬಂದಾಗ ಟೇಪನ್ನು ಮತ್ತೆ ಸುತ್ತಿ, ನಂಬಿಕೆ ಬಾರದೆ ಮಗದೊಮ್ಮೆ ಸುತ್ತಿ, "ಏಯ್, ನಿನ್ನನ್ನ ನಮ್ಮ ಚಾರ್ಟ್ ನೋಡ್ಕೊಂಡೇ ಹೆತ್ತಿದಾರೆ ಕಣೋ!" ಅಂದರು. ಅಂದಿನಿಂದ ಅವನ ಕೆಲಸ ನಿಲ್ಲುವುದು. ಹೊಸ ಮಾದರಿಯ ಅಂಗಿ ಯಾವುದೇ ಇರಲಿ, ಮೊದಲು ಒಂದೇ ಒಂದು ಹೊಲಿದು ಇವನಿಗೆ ತೊಡಿಸುವರು. ಇವನು ಎರಡೂ ಕೈ ಚಾಚಿ, ಗದ್ದ ಎತ್ತಿ, ಉಸಿರನ್ನು ಎಳೆಯದೆ ಬಿಡದೆ ನಿಲ್ಲಬೇಕು. ಮಾಸ್ತರು ಸುತ್ತಲೂ ತಿರುಗುತ್ತಾ ಭುಜಕ್ಕೊಂದು, ಪಕ್ಕೆಗೊಂದು ಗುಂಡುಪಿನ್ನು ಚುಚ್ಚಿ ತಿದ್ದುವರು. ಎಷ್ಟೋ ಸಲ ಪಿನ್ನು ಬಟ್ಟೆ ದಾಟಿ ಚರ್ಮಕ್ಕೂ ಇಳಿಯುತ್ತಿತ್ತು. ಅವನು ಕಮಕ್ ಕಿಮಕ್ ಅನ್ನುತ್ತಿರಲಿಲ್ಲ. ಅವನ ಮೈಮೇಲೆ ಸರಿಹೋದ ಅಂಗಿಯೇ ಆಮೇಲೆ ರಾಶಿ ರಾಶಿ ಹೊಲಿದು ಊರೂರಿಗೆ ಹೋಗುತ್ತಿತ್ತು.

ಬರೀ ನಿಲ್ಲುವುದೂ ಒಂದು ಕೆಲಸವೇ ಅಂತ ನಗಬೇಡಿ. ನಿಂತು ನೋಡಿದರೆ ಗೊತ್ತಾಗುತ್ತದೆ. ಮೀಡಿಯಣ್ಣ ತನ್ನ ಮೈಯನ್ನು ಒತ್ತೆಯಿಟ್ಟ ಒಡವೆಯ ಹಾಗೆ ಕಾಪಾಡಿಕೊಂಡಿದ್ದ. ಮದುವೆಮನೆಯ ಊಟಕ್ಕೆ ಹೋದರೂ ಎರಡನೇ ಸಲ ಬಡಿಸಲು ಬಂದವರಿಗೆ ತಟ್ಟೆಯ ಮೇಲೆ ಕೈ ಅಡ್ಡ ಇಡುವನು. ಜ್ವರ ಬಂದು ಮೈ ಇಳಿದುಹೋದರೆ ರಜೆಯ ಕೊನೆಯ ದಿನ ಹೆಂಡತಿಯ ಬೆನ್ನು ಬಿದ್ದು ಬಡಿಸಿಕೊಂಡು ತಿಂದು, ಅಳತೆಗೆ ವಾಪಸ್ ಬಂದು ಕೆಲಸಕ್ಕೆ ಹೋಗುವನು. ಬಸ್ಸಿನಲ್ಲಿ ಹೋಗುವಾಗ ಮುಂದೆ ನಿಂತ ಅಪರಿಚಿತನನ್ನು ತೋರಿಸಿ ಹೆಂಡತಿಯ ಕಿವಿಯಲ್ಲಿ, "ನೋಡೇ, ಆ ಭುಜ ನಂದು" ಅನ್ನುವನು. ಅವಳು, "ಮೆತ್ತಗೆ ಹೇಳ್ರೀ, ಕೇಳಿಸ್ಕೊಂಡ್ರೆ ವಾಪಸ್ ಕೊಡ್ತಾನೆ" ಅನ್ನುವಳು.

ಇನ್ನು ಅವನ ಬೆನ್ನಿನ ವಿಷಯ ಹೇಳಬೇಕು. ಸ್ಯಾಂಪಲ್ ಅಂಗಿಯನ್ನು ಯಾರೂ ಹೊರಗೆ ಒಯ್ದು ಮಾರಬಾರದು ಎಂದು ಫ್ಯಾಕ್ಟರಿಯಲ್ಲಿ ಒಂದು ಪದ್ಧತಿ. ಅಳತೆಯ ಕೆಲಸ ಮುಗಿದ ಕೂಡಲೇ ಅಂಗಿಯ ಬೆನ್ನಿಗೆ ಕತ್ತರಿ ಹಾಕಿ, ಕಾಲರಿನ ಕೆಳಗಿನಿಂದ ಒಂದು ಗೇಣುದ್ದ ಸೀಳಿಬಿಡುವರು. ಹೊಚ್ಚಹೊಸ ಬಟ್ಟೆಯನ್ನು ಕಣ್ಣೆದುರಿಗೇ ಸೀಳುವ ಆ ಸದ್ದಿಗೆ ಮೊದಮೊದಲು ಅವನು ಮುಖ ತಿರುಗಿಸಿಕೊಳ್ಳುತ್ತಿದ್ದ. ಸೀಳಿದ ಅಂಗಿಯನ್ನು ನಿಂತವನೇ ಮನೆಗೆ ಒಯ್ಯಬಹುದು. ಅದು ಅವನ ಹಕ್ಕು. ಬೇಕರಿಯ ಕೌಂಟರಿನಲ್ಲಿ ದಿನವಿಡೀ ನಿಂತು ಬಂದ ಹೆಂಡತಿ ಭಾನುವಾರ ಕಿಟಕಿಯ ಬಳಿ ಕೂತು ಆ ಸೀಳನ್ನು ಕೈಹೊಲಿಗೆಯಲ್ಲಿ ಕೂಡಿಸುವಳು. ಎಷ್ಟೇ ನಾಜೂಕಾಗಿ ಹೊಲಿದರೂ ಬೆನ್ನಿನ ನಡುವೆ ಒಂದು ಏಣು ಉಳಿದೇ ಉಳಿಯುತ್ತಿತ್ತು. ಹೀಗಾಗಿ ಮೀಡಿಯಣ್ಣ ಮುಂದಿನಿಂದ ನೋಡಿದರೆ ಮದುಮಗ, ಹಿಂದಿನಿಂದ ನೋಡಿದರೆ ತೇಪೆ ಹಾಕಿದ ಚೀಲ.

ಅದಕ್ಕೆ ಅವನು ಕಂಡುಕೊಂಡ ಉಪಾಯ ಗೋಡೆ. ಎಲ್ಲಿಗೇ ಹೋಗಲಿ, ಕೊನೆಯ ಸಾಲಿನಲ್ಲಿ ಗೋಡೆಗೆ ಒರಗಿ ಕೂರುವನು. ಗೋಡೆ ಸಿಗದಿದ್ದರೆ ಕಂಬ, ಕಂಬವೂ ಇಲ್ಲದಿದ್ದರೆ ಮರ. ಯಾರಾದರೂ ಮಾತಿಗೆ ಸಿಕ್ಕಿ ಬೀಳ್ಕೊಡುವಾಗ ಎರಡು ಹೆಜ್ಜೆ ಹಿಮ್ಮುಖವಾಗಿ ನಡೆದು ಆಮೇಲೆ ಸರಕ್ಕನೆ ತಿರುಗುವನು. ಎಷ್ಟು ವಿನಯ ನೋಡಿ ಅಂತ ಜನ ಮೆಚ್ಚಿಕೊಳ್ಳುತ್ತಿದ್ದರು. ತನ್ನ ಬೆನ್ನನ್ನು ಹೆಂಡತಿ ಬಿಟ್ಟರೆ ಈ ಲೋಕದಲ್ಲಿ ಯಾರೂ ನೋಡಿಲ್ಲ ಎಂದು ಅವನ ಗಟ್ಟಿ ನಂಬಿಕೆ. ಮತ್ತೆ, ಇಷ್ಟು ಕಾಲ ಒಂದೇ ಒಂದು ಅಂಗಿ ಅಂಗಡಿಯಿಂದ ಕೊಳ್ಳದೆ ಬದುಕಿದವನು ತಾನು ಎನ್ನುವ ಜಂಬವೂ ಇತ್ತು.

ಹಾಗಿರುವಾಗ ಆ ಗುಂಡಿಯ ದಿನ ಬಂತು.

ಹಳೆಯ ಕಟಿಂಗ್ ಮಾಸ್ತರು ನಿವೃತ್ತರಾಗಿ ಅವರ ಜಾಗಕ್ಕೆ ಹೊಸ ಮ್ಯಾನೇಜರ್ ಬಂದಿದ್ದ. ಕತ್ತರಿ ಹಿಡಿದವನಲ್ಲ, ಲ್ಯಾಪ್‌ಟಾಪ್ ಹಿಡಿದವನು. ಮಾತು ಮಾತ್ರ ಬೆಣ್ಣೆ. ಹೊಸ ಮಾದರಿಯ ಮೀಡಿಯಂ ಅಂಗಿಯನ್ನು ಮೀಡಿಯಣ್ಣನಿಗೆ ತೊಡಿಸಿ ಗುಂಡಿ ಹಾಕಲು ಹೋದರು. ಎದೆಯ ಹತ್ತಿರ ಹೇಗೋ ಆಯಿತು. ಹೊಟ್ಟೆಯ ಹತ್ತಿರ ಎರಡು ಅಂಚುಗಳು ಜಗಳವಾಡಿದ ನೆಂಟರ ಹಾಗೆ ದೂರ ದೂರ ನಿಂತವು.

"ಅಂಕಲ್, ಸ್ವಲ್ಪ ಉಸಿರು ಒಳಗೆ ತಗೊಳ್ಳಿ" ಅಂದ ಮ್ಯಾನೇಜರ್.

"ನಾನು ಉಸಿರು ತಗೊಂಡು ನಿಲ್ಲೋನಲ್ಲ ಸಾರ್. ನಾನು ಇರೋದೇ ಹೀಗೆ."

"ಅದೇ ಈಗ ತೊಂದ್ರೆ." ಮ್ಯಾನೇಜರ್ ನಕ್ಕ. "ಬೇಜಾರು ಮಾಡ್ಕೋಬೇಡಿ. ವಯಸ್ಸಾದ ಮೇಲೆ ಎಲ್ಲರಿಗೂ ಬರುತ್ತೆ. ಮುಂದಿನ ವಾರ ಡಮ್ಮಿ ಬರ್ತಿದೆ, ಫೈಬರ್‌ದು. ಅದಕ್ಕೆ ಊಟದ ಚಿಂತೆ ಇಲ್ಲ ನೋಡಿ! ನೀವು ಪ್ಯಾಕಿಂಗ್‌ಗೆ ಹೋಗಿ ಆರಾಮಾಗಿರಿ."

ಊಟದ ಮಾತಿಗೆ ಹೊಲಿಯುವ ಹೆಂಗಸರಲ್ಲಿ ಯಾರೋ ಕಿಸಕ್ಕೆಂದರು. ಮೀಡಿಯಣ್ಣನ ಕಿವಿಗಳು ಕೆಂಪಾದವು. ಜೀವಮಾನವಿಡೀ ತಟ್ಟೆಯ ಮೇಲೆ ಕೈ ಅಡ್ಡ ಇಟ್ಟವನಿಗೆ ಹೇಳುವ ಮಾತೇ ಇದು? ಇವರಿಗಾಗಿ ಅವನು ಬಿಟ್ಟ ಊಟವನ್ನೆಲ್ಲ ತಂದು ಸುರಿದರೆ ಆ ಮ್ಯಾನೇಜರ್ ಲ್ಯಾಪ್‌ಟಾಪ್ ಸಮೇತ ಮುಳುಗಿಹೋಗುತ್ತಿದ್ದ. ಆದರೆ ಅಂಗಿ ಬಿಚ್ಚಿ ಕೊಟ್ಟು, ಗೋಡೆಯ ಪಕ್ಕದಿಂದಲೇ ನಡೆದು ಹೊರಗೆ ಹೋದ.

ಪ್ಯಾಕಿಂಗ್ ವಿಭಾಗದಲ್ಲಿ ಅವನಿಗೆ ಸಿಕ್ಕ ಕೆಲಸ ಕೇಳಿ. ಮಡಚಿದ ಅಂಗಿಗಳ ಕಾಲರಿಗೆ 'ಎಂ' ಎಂಬ ಚೀಟಿ ಅಂಟಿಸುವುದು. ಇದಕ್ಕಿಂತ ಮುಖಕ್ಕೆ ಉಗುಳಿದ್ದರೆ ಒರೆಸಿಕೊಂಡು ಹೋಗಬಹುದಿತ್ತು.

ಮನೆಗೆ ಬಂದವನೇ ಚಪ್ಪಲಿ ಬಿಡುವ ಮೊದಲು ಕೇಳಿದ: "ನಿಜ ಹೇಳೇ, ನಾನು ದಪ್ಪ ಆಗಿದೀನಾ?"

ಹೆಂಡತಿ ಅವನನ್ನು ತಲೆಯಿಂದ ಕಾಲಿನವರೆಗೆ ನಿಧಾನವಾಗಿ ನೋಡಿದಳು. "ತಲೇಲಿ ಕೂದಲು ಕಮ್ಮಿ ಆಗಿದೆ, ಮೂಗಿನ ಮೇಲೆ ಕೋಪ ಜಾಸ್ತಿ ಆಗಿದೆ. ಹೊಟ್ಟೆ ಇದ್ದ ಹಾಗೇ ಇದೆ."

"ಹಾಸ್ಯ ಬೇಡ."

"ಹಾಸ್ಯ ಅಲ್ಲ ರೀ. ಇಷ್ಟು ವರ್ಷ ನಿಮ್ಮ ಅಂಗಿ ಹೊಲಿದ ಕೈ ಇದು. ನನಗೆ ಗೊತ್ತಾಗಲ್ವಾ?"

ಅವನಿಗೆ ಅಷ್ಟರಿಂದ ಸಮಾಧಾನವಾಗಲಿಲ್ಲ. ಹೆಂಡತಿ ಗಂಡನನ್ನು ಬಿಟ್ಟುಕೊಡುತ್ತಾಳೆಯೇ? ಅಡುಗೆಮನೆಯಲ್ಲಿ ಅತ್ತಿಂದಿತ್ತ ತಿರುಗುತ್ತಾ ಮ್ಯಾನೇಜರನ ಜಾತಕ ಬಿಡಿಸುತ್ತಿದ್ದಾಗಲೇ ಮಗಳು ಬಂದಳು. ಅವಳು ನರ್ಸಿಂಗ್ ಓದುತ್ತಿದ್ದಳು, ಕೋರ್ಸು ಮುಗಿಯುತ್ತಾ ಬಂದಿತ್ತು.

"ಅಪ್ಪ, ಕಾಲೇಜಲ್ಲಿ ಬ್ಯಾಡ್ಜ್ ಕೊಡೋ ಕಾರ್ಯಕ್ರಮ. ಪ್ರತಿಯೊಬ್ಬರ ಮನೆಯಿಂದ ಒಬ್ಬರು ಸ್ಟೇಜ್ ಮೇಲೆ ಬಂದು ಬ್ಯಾಡ್ಜ್ ಚುಚ್ಚಬೇಕು. ನಮ್ಮ ಮನೆಯಿಂದ ನೀನು."

ಮೀಡಿಯಣ್ಣನ ಸಿಟ್ಟು ಒಂದು ಗಳಿಗೆ ಎಲ್ಲಿ ಹೋಯಿತೋ. "ನಾನಾ? ಅಮ್ಮ ಅಲ್ವಾ?"

"ಅಮ್ಮ ಎದುರಿಗೆ ಕೂತು ನೋಡ್ತಾರಂತೆ. ಆಗಲೇ ಮಾತಾಡ್ಕೊಂಡಿದೀವಿ."

"ನನ್ನ ಮೈಗೆ ಊರವರೆಲ್ಲ ಪಿನ್ನು ಚುಚ್ಚಿದಾರೆ. ಒಂದು ಸಲ ನಾನೂ ಚುಚ್ತೀನಿ ಬಿಡು" ಅಂದ. ಮೂವರೂ ನಕ್ಕರು. ಆಮೇಲೆ ಮಗಳು, ನೀರಿನ ಲೋಟ ತೊಳೆಯುತ್ತಾ ಬೆನ್ನು ಹಾಕಿಕೊಂಡೇ, "ಒಂದು ಹೊಸ ಅಂಗಿ ತಗೋಪ್ಪ" ಅಂದಳು.

ಹೊಸ ಅಂಗಿ! ಟ್ರಂಕಿನ ತುಂಬ ಅಂಗಿ ಇಟ್ಟುಕೊಂಡವನಿಗೆ! ಅವನು ಬೇಡ ಅನ್ನಲಿಲ್ಲ, ಆಗಲಿ ಅಂತಲೂ ಅನ್ನಲಿಲ್ಲ. ಈ ಮನುಷ್ಯ ಜಿಪುಣನಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಮಗಳ ಓದಿಗೆ ಹಿಂದೆಮುಂದೆ ನೋಡಿದವನಲ್ಲ. ಆದರೆ ಕೊಳ್ಳುವುದನ್ನು ಅವನು ಯೋಚಿಸಿ ಕೊಳ್ಳುವವನು. ನೆಲದ ಮೇಲೆ ಅಂಗಿಗಳನ್ನು ಹರಡಿಕೊಂಡು ಕೂತ. ತಿಳಿನೀಲಿ ಇದೆ, ಕಾಲರು ಗಟ್ಟಿಯಾಗಿದೆ. ಸಣ್ಣ ಗೆರೆಯದು ಇದೆ, ಒಮ್ಮೆಯೂ ನೀರು ಕಾಣದ ಬಿಳಿಯದು ಇದೆ. ಒಂದಕ್ಕೂ ಬಣ್ಣ ಹೋಗಿಲ್ಲ. ಬಟ್ಟೆ ಇರುವವನು ಬಟ್ಟೆ ಯಾಕೆ ಕೊಳ್ಳಬೇಕು? ಆದರೂ ಸ್ಟೇಜಿಗೆ ಗೋಡೆ ಇರುವುದಿಲ್ಲ. ಮಗಳ ಕಡೆ ಮುಖ ಮಾಡಿ ಬ್ಯಾಡ್ಜ್ ಚುಚ್ಚುವಾಗ ಸಭೆಯ ಕಡೆಗೆ ಬೆನ್ನು ಬಿದ್ದೇ ಬೀಳುತ್ತದೆ. ಒಂದು ದಿನದ ಮಟ್ಟಿಗೆ ಒಂದು ಅಂಗಿ ಕೊಂಡರೆ ಏನು ಗಂಟು ಹೋಗುತ್ತದೆ, ಮಗಳು ಬಾಯಿ ಬಿಟ್ಟು ಕೇಳಿದ್ದಾಳೆ. ಹೀಗೆ ತೂಗಿ ನೋಡಿ, ಶನಿವಾರ ಸಂಜೆ ಒಬ್ಬನೇ ಪೇಟೆಯ ಅಂಗಡಿಗೆ ಹೋದ.

ಅಂಗಡಿಯ ಸೇಲ್ಸ್‌ಮನ್ ನಡುವಯಸ್ಸಿನವನು, ಅವನ ಕೊರಳಲ್ಲೂ ಟೇಪು ಇತ್ತು. ತೆಗೆದು ತೋರಿಸಿದ್ದು ಇವನದೇ ಫ್ಯಾಕ್ಟರಿಯ ಅಂಗಿ. ಸೈಜು ಕೇಳಿದ್ದಕ್ಕೆ ಮೀಡಿಯಣ್ಣ, ನಿನ್ನ ಹೆಸರೇನು ಅಂತ ಕೇಳಿದವರಿಗೆ ಹೇಳುವ ಹಾಗೆ, "ಮೀಡಿಯಂ" ಅಂದ. ಟ್ರಯಲ್ ರೂಮಿನ ಕನ್ನಡಿಯ ಮುಂದೆ ಮತ್ತೆ ಅದೇ ಕಥೆ. ಹೊಟ್ಟೆಯ ಹತ್ತಿರ ಗುಂಡಿ ಕೂಡಲಿಲ್ಲ. ತೋಳು ಮಣಿಕಟ್ಟಿನ ಮೇಲೆಯೇ ನಿಂತಿತ್ತು.

ಹೊರಗೆ ಬಂದವನ ಮುಖ ನೋಡಿಯೇ ಸೇಲ್ಸ್‌ಮನ್‌ಗೆ ಎಲ್ಲ ಅರ್ಥವಾಯಿತು. "ನಿಮಗೆ ಲಾರ್ಜ್ ಬೇಕಾಗುತ್ತೆ ಸಾರ್. ನೋಡಿದ ತಕ್ಷಣ ಗೊತ್ತಾಯ್ತು. ಆದ್ರೆ ಕೆಲವರಿಗೆ ಒಪ್ಪಿಕೊಳ್ಳೋದು ಕಷ್ಟ, ಅದಕ್ಕೆ ನಾನು ಮೊದಲೇ ಹೇಳೋದಿಲ್ಲ."

"ನಾನು ಮೀಡಿಯಂ."

"ಇದ್ರಿ ಸಾರ್, ಒಂದು ಕಾಲದಲ್ಲಿ."

ಸಾಂತ್ವನ ಹೇಳುವ ಆ ದನಿ ಇದೆಯಲ್ಲ, ಅದು ಬೈಗುಳಕ್ಕಿಂತ ಕೆಟ್ಟದ್ದು. ಲಾರ್ಜ್ ಎಂಬ ಮಾತು ತನ್ನ ಬಾಯಿಂದ ಸತ್ತರೂ ಬರುವುದಿಲ್ಲ ಎಂದುಕೊಂಡು ಮೀಡಿಯಣ್ಣ ಬರಿಗೈಯಲ್ಲಿ ಅಂಗಡಿಯಿಂದ ಇಳಿದ. ದಾರಿಯುದ್ದಕ್ಕೂ ಗಾಜಿನ ಬಾಗಿಲುಗಳಲ್ಲಿ ತನ್ನ ಹೊಟ್ಟೆಯನ್ನು ಕದ್ದು ಕದ್ದು ನೋಡಿಕೊಂಡ.

ಮನೆಗೆ ಬಂದು ಟ್ರಂಕು ತೆರೆದು ತಿಳಿನೀಲಿ ಅಂಗಿ ತೊಟ್ಟ. ಗುಂಡಿಗಳು ಒಂದರ ಹಿಂದೆ ಒಂದು ತಾವಾಗಿ ಕೂತವು. ಗೆರೆಯದನ್ನು ತೊಟ್ಟ, ಅದೂ ಸರಿಯಾಯಿತು. ಬಾಗಿಲಲ್ಲಿ ನಿಂತಿದ್ದ ಹೆಂಡತಿ, "ಒಗೆದೂ ಒಗೆದೂ ಸಡಿಲ ಆಗಿರಬೇಕು" ಅಂದಳು. ನೀರು ಕಾಣದ ಬಿಳಿಯದನ್ನು ತೊಟ್ಟ. ಅದು ಹೊಲಿದ ದಿನ ಹೇಗೆ ಕೂತಿತ್ತೋ ಹಾಗೆಯೇ ಕೂತಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಸೋಮವಾರ ಬಿಳಿ ಅಂಗಿಯನ್ನು ಊಟದ ಚೀಲದಲ್ಲಿ ಹಾಕಿಕೊಂಡು ಹೋದ. ಪ್ಯಾಕಿಂಗ್ ಮೇಜಿನ ಮೇಲೆ ಹೊಸ ಮೀಡಿಯಂ ಹಾಸಿ, ಅದರ ಮೇಲೆ ಹಳೆಯ ಮೀಡಿಯಂ ಹಾಸಿ, ಭುಜಕ್ಕೆ ಭುಜ ಹೊಂದಿಸಿ ನೋಡಿದ. ಹಳೆಯದು ಹೊಸದನ್ನು ಎಲ್ಲ ಕಡೆಯಿಂದಲೂ ಮುಚ್ಚಿ ಆಚೆಗೆ ಚಾಚಿತ್ತು. ಪಕ್ಕೆಯಲ್ಲಿ ಎರಡು ಬೆರಳು, ತೋಳಿನಲ್ಲಿ, ಉದ್ದದಲ್ಲಿ, ಎಲ್ಲೆಲ್ಲೂ ಅಷ್ಟಷ್ಟು ಬಟ್ಟೆ ಕಾಣೆಯಾಗಿತ್ತು. ಮೀಡಿಯಣ್ಣ ದಪ್ಪವಾಗಿರಲಿಲ್ಲ. ಮೀಡಿಯಮ್ಮೇ ಸಣ್ಣದಾಗಿತ್ತು.

ಎರಡೂ ಅಂಗಿಗಳನ್ನು ಎರಡು ಕೈಯಲ್ಲಿ ಹಿಡಿದು ಮ್ಯಾನೇಜರನ ಕೋಣೆಗೆ ನುಗ್ಗಿದ. ಅಂಥ ಧೈರ್ಯ ಅವನಿಗೆ ಎಲ್ಲಿಂದ ಬಂತೋ, ಬಾಗಿಲನ್ನೂ ತಟ್ಟಲಿಲ್ಲ. "ಸಾರ್, ಇದೇನಿದು?"

ಮ್ಯಾನೇಜರ್ ತಲೆಯೆತ್ತಿ ನೋಡಿದ. ಗಾಬರಿಯಾಗಲಿಲ್ಲ, ನಾಚಿಕೆಯಂತೂ ಮೊದಲೇ ಇಲ್ಲ. "ಓ, ಹೌದು ಅಂಕಲ್. ನಾನು ಬಂದಾಗಿನಿಂದ ಹಳೇ ಮಾದರಿಗಳಲ್ಲೂ ಸ್ವಲ್ಪ ಇಳಿಸಿದೀವಿ. ಬಟ್ಟೆ ಎಷ್ಟು ತುಟ್ಟಿ ಆಗಿದೆ ಗೊತ್ತಲ್ಲ? ಒಂದೊಂದು ಅಂಗೀಲಿ ಒಂದಿಷ್ಟು ಉಳಿದ್ರೆ ಎಲ್ಲಾ ಸೇರಿ ಬೆಟ್ಟ ಆಗುತ್ತೆ."

"ಕೊಳ್ಳೋರು ಸುಮ್ನೆ ಇರ್ತಾರಾ?"

"ಇದುವರೆಗೂ ಒಬ್ಬರೂ ದೂರು ಕೊಟ್ಟಿಲ್ಲ. ಅಂಗಿ ಬಿಗಿಯಾದ್ರೆ ಜನ ಅಂಗೀನ ಬೈಯಲ್ಲ ಅಂಕಲ್, ತಮ್ಮ ಹೊಟ್ಟೇನ ಬೈಕೋತಾರೆ. ಲಾರ್ಜ್ ತಗೊಂಡು ತೆಪ್ಪಗೆ ಹೋಗ್ತಾರೆ."

"ಮತ್ತೆ ಅವತ್ತು ಅಷ್ಟು ಜನರ ಎದುರಿಗೆ ನಾನು ದಪ್ಪ ಆಗಿದೀನಿ ಅಂದ್ರಲ್ಲ?"

"ಅಷ್ಟು ಜನರ ಎದುರಿಗೆ ಇನ್ನೇನು ಹೇಳೋಕಾಗುತ್ತೆ, ನೀವೇ ಹೇಳಿ" ಅಂದ ಮ್ಯಾನೇಜರ್, ತನಗೆ ಬಂದ ಕಷ್ಟವನ್ನು ಮೀಡಿಯಣ್ಣ ಅರ್ಥ ಮಾಡಿಕೊಳ್ಳಬೇಕು ಅನ್ನುವ ಹಾಗೆ. ಆಮೇಲೆ ಫೋನ್ ಬಂತು, ಅದನ್ನು ಎತ್ತಿಕೊಂಡ. ಮಾತು ಮುಗಿಯಿತು.

ನೋಡಿದಿರಾ? ಕಳ್ಳತನ ಮಾಡುವವರನ್ನು ಕಂಡಿದ್ದೇವೆ. ಆದರೆ ಜೇಬಿಗೆ ಕೈ ಹಾಕಿ, ನಿನ್ನ ಜೇಬೇ ದೊಡ್ಡದಾಗಿದೆ ಎಂದು ಜೇಬಿನವನನ್ನೇ ನಾಚಿಸುವ ಕಳ್ಳರು ಇವರು. ಎಷ್ಟು ಊರುಗಳ ಎಷ್ಟು ಟ್ರಯಲ್ ರೂಮುಗಳಲ್ಲಿ ಎಷ್ಟು ಗಂಡಸರು ಕನ್ನಡಿಗೆ ಮುಖ ಕೊಡಲಾಗದೆ ನಿಂತಿದ್ದಾರೋ! ಎಷ್ಟು ಮಂದಿ ಅವತ್ತು ರಾತ್ರಿಯ ಊಟ ಬಿಟ್ಟರೋ! ಅವರ ಪಾಲಿನ ಅವಮಾನವನ್ನೆಲ್ಲ ಮೀಡಿಯಣ್ಣ ಒಬ್ಬನೇ ಹೊತ್ತುಕೊಂಡು ಮನೆಗೆ ಬಂದ. ಅವನ ಸಿಟ್ಟಿಗೆ ಈಗ ನ್ಯಾಯವೂ ಜೊತೆಯಾಗಿತ್ತು. ನ್ಯಾಯ ಜೊತೆಯಾದ ಸಿಟ್ಟನ್ನು ಹಿಡಿಯುವವರು ಯಾರು?

ಸಂಜೆ ಊಟಕ್ಕೆ ಕೂತಾಗ ನಡೆದದ್ದನ್ನೆಲ್ಲ ಹೇಳಿ, ಸಭೆಯಲ್ಲಿ ಮಾತಾಡುವವನ ಹಾಗೆ ಶುರುಮಾಡಿದ. "ತೀರ್ಮಾನ ಆಯ್ತು. ಹೊಸ ಅಂಗಿ ಇಲ್ಲ, ಗಿಸ ಅಂಗಿ ಇಲ್ಲ. ಆ ಸುಳ್ಳು ಲಾರ್ಜ್ ಹಾಕ್ಕೊಂಡು ನನ್ನ ಮಗಳ ಸ್ಟೇಜ್ ನಾನು ಹತ್ತಲ್ಲ. ನಮ್ಮ ಬಿಳೀದು ನಿಯತ್ತಿನ ಮೀಡಿಯಂ. ಅದನ್ನೇ ಹಾಕ್ಕೊಂಡು ಬರ್ತೀನಿ. ಬೆನ್ನ ಮೇಲೆ ಹೊಲಿಗೆ ಇದೆಯಾ? ಇರಲಿ. ನೋಡೋರು ನೋಡಲಿ. ಕದ್ದವರು ಅವರು, ನಾಚಿಕೆ ನನಗ್ಯಾಕೆ?"

"ಸರಿಯಾಗೇ ಹೇಳಿದ್ರಿ" ಅಂದಳು ಹೆಂಡತಿ. ಮ್ಯಾನೇಜರನ ಮೇಲೆ ಅವಳ ಹೊಟ್ಟೆಯೂ ಉರಿಯುತ್ತಿತ್ತು. ಮಗಳು ಮಾತ್ರ ತಟ್ಟೆಯಿಂದ ಕಣ್ಣೆತ್ತಲಿಲ್ಲ. ಕೊನೆಯ ತುತ್ತು ಮುಗಿಸಿ, "ಹಾಗಾದ್ರೆ ಅಮ್ಮನೇ ಚುಚ್ಚಲಿ ಬಿಡಪ್ಪ. ನೀನು ಹಿಂದೆ ಗೋಡೆ ಹತ್ರ ಕೂತ್ಕೋ" ಅಂದಳು.

ಮೀಡಿಯಣ್ಣನ ಕೈ ತಟ್ಟೆಯಲ್ಲೇ ನಿಂತಿತು. "ಅಂದ್ರೆ? ನನ್ನ ಅಂಗಿ ಕಂಡ್ರೆ ನಿನಗೆ ನಾಚಿಕೆನಾ? ಆ ಅಂಗಿ ತೊಟ್ಟೇ ಕಣೇ ನಿನ್ನನ್ನ ಸಾಕಿದ್ದು! ಓದ್ಸಿದ್ದು! ಯಾರು ನೋಡಿದಾರೆ ನನ್ನ ಬೆನ್ನನ್ನ? ಇಷ್ಟು ವರ್ಷದಲ್ಲಿ ಒಬ್ಬರು ನೋಡಿದಾರಾ ಹೇಳು!"

"ನೋಡಿದಾರಪ್ಪ."

"ಯಾರು?"

ಮಗಳು ಎದ್ದು ಹೋಗುವವಳಿದ್ದಳು, ಹೋಗಲಿಲ್ಲ. "ಸ್ಕೂಲಲ್ಲಿ ಎಲ್ಲರೂ. ನೀನು ನನ್ನನ್ನ ಗೇಟ್ ಹತ್ರ ಬಿಟ್ಟು ವಾಪಸ್ ಹೋಗ್ತಿದ್ಯಲ್ಲ, ಆಗ ಎಲ್ಲಿತ್ತು ಗೋಡೆ? ಆ ಉದ್ದ ರಸ್ತೇಲಿ ನಿನ್ನ ಬೆನ್ನು ಒಂದೇ ಕಾಣ್ತಿತ್ತು. ಹುಡುಗರು ನಿನಗೆ ಆಪರೇಷನ್ ಅಪ್ಪ ಅಂತ ಹೆಸರಿಟ್ಟಿದ್ರು. ನಿಮ್ಮಪ್ಪನ್ನ ಕುಯ್ದು ಒಳಗೆ ಏನು ತೆಗೆದ್ರೇ ಅಂತ ದಿನಾ ಕೇಳೋರು."

ಹೆಂಡತಿ ತನ್ನ ಬೆರಳುಗಳನ್ನು ನೋಡಿಕೊಂಡಳು, ಆ ಹೊಲಿಗೆ ಹಾಕಿದ ಬೆರಳುಗಳು.

"ಅದಕ್ಕೆ ನಾನು ಒಳಗೆ ಹೋಗ್ತಿರಲಿಲ್ಲ" ಅಂದಳು ಮಗಳು. "ಗೇಟಿನ ಮಧ್ಯದಲ್ಲೇ ಕೈ ಅಗಲ ಮಾಡ್ಕೊಂಡು ನಿಂತ್ಕೋತಿದ್ದೆ. ನೀನು ತಿರುವು ದಾಟೋ ತನಕ ಯಾರಿಗೂ ಕಾಣಬಾರ್ದು ಅಂತ. ನೀನು ತಿರುಗಿ ನೋಡಿ, ನಾನು ಟಾಟಾ ಮಾಡೋಕೆ ನಿಂತಿದೀನಿ ಅಂದ್ಕೊಂಡು ಕೈ ಬೀಸ್ತಿದ್ಯಲ್ಲ."

ಮೀಡಿಯಣ್ಣನಿಗೆ ಅದು ನೆನಪಿತ್ತು. ಚೆನ್ನಾಗಿಯೇ ನೆನಪಿತ್ತು. ನನ್ನ ಮಗಳಿಗೆ ನನ್ನನ್ನು ಬಿಟ್ಟಿರಲು ಆಗುವುದಿಲ್ಲ ಎಂದು ಸ್ಯಾಂಪಲ್ ರೂಮಿನಲ್ಲಿ ಎಲ್ಲರಿಗೂ ಹೇಳಿಕೊಂಡು ಹಿಗ್ಗುತ್ತಿದ್ದ. ಅಷ್ಟು ಚಿಕ್ಕ ಮೈಯಿಂದ ಎಷ್ಟು ಮರೆಮಾಡಲು ಆಗುತ್ತಿತ್ತು? ಚೀಲ ಹೊತ್ತು, ಪುಟ್ಟ ಕೈ ಚಾಚಿಕೊಂಡು, ಹಿಂದೆ ನಗುವವರಿಗೆ ಬೆನ್ನು ಕೊಟ್ಟು ನಿಂತಿದ್ದ ಕೂಸು. ಅವನು ಉಣ್ಣುವುದನ್ನು ಬಿಟ್ಟು ಎದ್ದು ಕೈ ತೊಳೆದ.

ಮೆಟ್ಟಿಲ ಮೇಲೆ ಹೋಗಿ ಕೂತ. ಸಿಟ್ಟು ಇನ್ನೂ ಕುದಿಯುತ್ತಲೇ ಇತ್ತು, ಆದರೆ ಯಾರ ಮೇಲೆ ಸುರಿಯುವುದು? ಆ ಹುಡುಗರು ಈಗ ಎಲ್ಲೆಲ್ಲೋ ಉದ್ಯೋಗದಲ್ಲಿರುತ್ತಾರೆ. ಬಟ್ಟೆ ಸೀಳಿದ ಕತ್ತರಿಗೆ ಬೈದು ಫಲವಿಲ್ಲ. ಮಾರಿಕೊಂಡಾನು ಎಂದು ಮೊದಲೇ ಸೀಳಿ ಕೊಟ್ಟರಲ್ಲ, ಅದನ್ನು ಹಕ್ಕು ಎಂದು ಕಣ್ಣಿಗೆ ಒತ್ತಿಕೊಂಡು ತಂದೆನಲ್ಲ ಎಂದು ತನ್ನ ಮೇಲೂ ಕೋಪ ಬಂತು. ಮ್ಯಾನೇಜರ್ ನೆನಪಾದ. ಲಾರ್ಜ್ ಕೊಂಡರೆ ಆ ಮನುಷ್ಯನ ಮಾತು ಗೆಲ್ಲುತ್ತದೆ: ತೆಪ್ಪಗೆ ಕೊಂಡು ಹೋಗುತ್ತಾರೆ ಎಂದಿದ್ದನಲ್ಲ. ಕೊಳ್ಳದಿದ್ದರೆ ಗೆಲ್ಲುವುದು ತಾನು. ಅಷ್ಟೇ, ಆ ಗೆಲುವಿನ ಹೊತ್ತಿಗೆ ಸ್ಟೇಜಿನ ಮೇಲೆ ನಿಂತ ಮಗಳಿಗೆ ಅಪ್ಪನ ಬೆನ್ನಿನ ಆಚೆ ನೆರೆದ ಸಭೆಯ ಕಣ್ಣುಗಳೆಲ್ಲ ಒಟ್ಟಿಗೆ ಕಾಣುತ್ತವೆ. ಈ ಸಲ ಅಡ್ಡ ನಿಲ್ಲಲು ಅವಳಿಗೆ ಆಗುವುದೂ ಇಲ್ಲ. ಒಂದು ಕಡೆ ತನ್ನ ನ್ಯಾಯ, ಒಂದು ಕಡೆ ಅವಳ ಆ ಒಂದು ಗಳಿಗೆ. ಬಹಳ ಹೊತ್ತು ತೂಗಬೇಕಾದ ಲೆಕ್ಕವೇನೂ ಆಗಿರಲಿಲ್ಲ ಅದು. ಆದರೂ ಒಂದು ಕಹಿ ಗುಳಿಗೆ ನುಂಗಿದಷ್ಟೇ ಕಷ್ಟವಾಯಿತು.

ಮರುದಿನ ಕೆಲಸ ಬಿಟ್ಟು ಬಂದವನು ಮಗಳನ್ನು ಕರೆದ. "ನಡಿ, ಅಂಗಡಿಗೆ ಹೋಗಿ ಬರೋಣ. ಬಣ್ಣ ನೀನೇ ಆರಿಸು."

ಅಂಗಡಿಯಲ್ಲಿ ಜನ ಇತ್ತು. ಅದೇ ಸೇಲ್ಸ್‌ಮನ್ ಎದುರು ಬಂದ. ಮಗಳು ಅಂಗಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿ, ಕಡುಹಸಿರಿನ ಒಂದನ್ನು ತೋರಿಸಿದಳು.

"ಒಳ್ಳೆ ಆಯ್ಕೆ. ಸೈಜು ಸಾರ್?"

ಮೀಡಿಯಣ್ಣ ಮಗಳ ಕಡೆ ನೋಡಲಿಲ್ಲ. "ಲಾರ್ಜ್" ಅಂದ.

ಸೇಲ್ಸ್‌ಮನ್ ಅಂಗಿ ಹುಡುಕುತ್ತಾ, ಗುರುತು ಹಿಡಿದು, ಪಾಪ ಒಳ್ಳೆಯ ಮನಸ್ಸಿನಿಂದಲೇ ನಕ್ಕ. "ನಾನು ಅವತ್ತೇ ಹೇಳಿದ್ನಲ್ಲ ಸಾರ್. ವಯಸ್ಸಾದ ಮೇಲೆ ಮೈ ಬೆಳೆಯೋದು ಸಹಜ. ಒಪ್ಕೊಂಡುಬಿಟ್ರೆ ಮನಸ್ಸಿಗೂ ಹಗುರ."

ಮೀಡಿಯಣ್ಣ ಹಲ್ಲು ಕಚ್ಚಿಕೊಂಡ. ನಿನ್ನೆಯ ದಿನವಾಗಿದ್ದರೆ ಅಂಗಡಿ ಎದ್ದು ಹೋಗುತ್ತಿತ್ತು. ಇವತ್ತು ನುಂಗಲೆಂದೇ ಬಂದವನು, ನುಂಗಿದ. ಕೌಂಟರಿಗೆ ಜೋರಾಗಿ ಕೈ ಬಡಿದದ್ದು ಮಗಳು.

"ಏನಂದ್ರಿ? ನಮ್ಮಪ್ಪ ಬೆಳೆದಿದಾರಾ? ನಮ್ಮಪ್ಪನ ಅಳತೆಗೇ ರೀ ಇಷ್ಟು ವರ್ಷ ನೀವು ಮೀಡಿಯಂ ಮಾರಿದ್ದು! ಅವರು ಇದ್ದ ಹಾಗೇ ಇದಾರೆ. ಎರಡೆರಡು ಬೆರಳು ಬಟ್ಟೆ ಕದ್ದಿರೋದು ಅಂಗಿ ಮಾಡೋರು. ಕದ್ದು ಅವರ ಹೊಟ್ಟೆ ಮೇಲೆ ಹಾಕ್ತಿದೀರಲ್ಲ, ನಾಚಿಕೆ ಆಗಲ್ವಾ? ಬೇಕಾದ್ರೆ ನಾಳೆ ಹಳೇದು ತಂದು ತೋರಿಸ್ತೀನಿ, ಪಕ್ಕದಲ್ಲಿ ಇಟ್ಟು ಅಳೀರಿ!"

ಸೇಲ್ಸ್‌ಮನ್ ಕೊರಳಿನ ಟೇಪನ್ನು ಹಿಡಿದುಕೊಂಡು ನಿಂತುಬಿಟ್ಟ. ಕನ್ನಡಿಯ ಮುಂದೆ ಉಸಿರು ಎಳೆದುಕೊಂಡು ನಿಂತಿದ್ದ ಒಬ್ಬ ಗಿರಾಕಿ ನಿಧಾನವಾಗಿ ಹೊಟ್ಟೆ ಬಿಟ್ಟು, ಹೆಂಡತಿಯ ಕಡೆ ತಿರುಗಿ, "ಕೇಳಿಸ್ಕೊಂಡ್ಯಾ?" ಅಂದ.

ಮಗಳಿಗೆ ಇಂಥ ಗಂಟಲಿದೆ ಎಂದು ಮೀಡಿಯಣ್ಣನಿಗೆ ಗೊತ್ತಿರಲಿಲ್ಲ. ನಿನ್ನೆ ಊಟದ ಹೊತ್ತಿನಲ್ಲಿ ಅವಳು ತನ್ನ ಮಾತಿನ ಒಂದಕ್ಷರವನ್ನೂ ಕಿವಿಗೆ ಹಾಕಿಕೊಂಡಿಲ್ಲ ಎಂದುಕೊಂಡಿದ್ದ. ಸುಮ್ಮನಿರಮ್ಮ ಅನ್ನಲು ಬಾಯಿ ತೆರೆದವನು ಹಾಗೆಯೇ ಮುಚ್ಚಿಕೊಂಡ. ಹಸಿರು ಅಂಗಿ ತೆಗೆದುಕೊಂಡು ಟ್ರಯಲ್ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡ. ಒಳಗೆ ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು, ಕಣ್ಣು ಒರೆಸಿಕೊಳ್ಳುವುದೂ ಇತ್ತು.

ಹೊರಗೆ ಬಂದಾಗ ಎಲ್ಲರೂ ಅವನನ್ನೇ ನೋಡುತ್ತಿದ್ದರು. ಅವನು ಅಂಗಡಿಯ ನಟ್ಟನಡುವೆ ಬಂದು, ಮಗಳ ಮುಂದೆ ನಿಂತು, ಅವಳ ಕಡೆ ಬೆನ್ನು ತಿರುಗಿಸಿದ.

"ಹೇಗಿದೆ ನೋಡಮ್ಮ" ಅಂದ.